ಬೇಟೆ ಪ್ರಾಣಿ ನುಗ್ಗದ ಕೋಳಿಗೂಡು: ಜಾಲರಿ, ನೆಲ, ಬಾಗಿಲು ಹೇಗಿರಬೇಕು?

ಹಿತ್ತಲಕೋಳಿ:

ಎಲ್ಲರಿಗೂ ನಮಸ್ಕಾರ. ಹನ್ನೆರಡು ಹೇಂಟೆಗೆ ಹೊಸ ಗೂಡು ಕಟ್ಟಬೇಕು. ಅಳತೆ ಹೀಗೆ ಅಂದುಕೊಂಡಿದ್ದೇನೆ: ರಾತ್ರಿ ಮಲಗುವ ಗೂಡು 8×6 ಅಡಿ, ಅದರ 8 ಅಡಿ ಗೋಡೆಗೆ ಸೇರಿದಂತೆ ಹಗಲು ಓಡಾಡಲು 8×12 ಅಡಿಯ ಜಾಲರಿ ಅಂಗಳ, ಎತ್ತರ ಸುಮಾರು 6 ಅಡಿ. ಚೌಕಟ್ಟು ಮರದ್ದು, ಗೂಡಿನ ಮೇಲೆ ತಗಡು. ಸುತ್ತಮುತ್ತ ಬೀದಿನಾಯಿ, ಕಾಡುಬೆಕ್ಕು, ಮುಂಗುಸಿ, ಹೆಗ್ಗಣ, ಹಾವು ಎಲ್ಲವೂ ಓಡಾಡುತ್ತವೆ. ಹಗಲಲ್ಲಿ ಹದ್ದಿನ ಕಾಟ ಬೇರೆ.

ಕೇಳಬೇಕಾಗಿರುವುದು ಇಷ್ಟು. ಯಾವ ಜಾಲರಿ, ಎಷ್ಟು ಬೇಕಾಗುತ್ತೆ? ನೆಲಕ್ಕೆ ಕಾಂಕ್ರೀಟ್ ಹಾಕಲೇಬೇಕಾ, ಇಲ್ಲಾ ಜಾಲರಿಯನ್ನೇ ಎರಡು ಅಡಿ ಆಳಕ್ಕೆ ಹೂತರೆ ಸಾಕಾ? ಬಾಗಿಲು, ಚಿಲಕ ಹೇಗಿರಬೇಕು? ಎಲ್ಲ ಕಡೆ ಬಿಗಿ ಮಾಡಿದರೆ ಒಳಗೆ ಸೆಕೆ ಆಗಲ್ವಾ?

ತಂತಿ_ಇಕ್ಕಳ:

ಮೊದಲು ಜಾಲರಿ ವಿಷಯ ಮುಗಿಸೋಣ, ಹಣ ಹೆಚ್ಚು ಹೋಗುವುದೂ ಅಲ್ಲೇ, ಜನ ಉಳಿಸಲು ಹೋಗಿ ಕೆಡುವುದೂ ಅಲ್ಲೇ.

ಆರು ಮೂಲೆ ಕಣ್ಣಿನ ತೆಳ್ಳನೆ ಚಿಕನ್ ಮೆಶ್ ತರಬೇಡಿ. ಅದು ಹೆಣೆದ ತಂತಿ, ಬೆಸುಗೆ ಇಲ್ಲ. ಒಂದು ಎಳೆ ತುಂಡಾದರೆ ಪಕ್ಕದ ಎಳೆಗಳೂ ಸಡಿಲವಾಗುತ್ತಾ ಹೋಗುತ್ತವೆ. ನಾಯಿ ಹಲ್ಲು ಹಾಕಿ ಎಳೆದರೆ ನಿಮಿಷದಲ್ಲಿ ದಾರಿ. ಕಣ್ಣು ಒಂದು ಇಂಚಿನದ್ದಾದರೆ ಮರಿ ಹೆಗ್ಗಣ, ಸಣ್ಣ ಹಾವು ಹಾಗೇ ಒಳಗೆ ಬರುತ್ತವೆ.

ನಿಮಗೆ ಬೇಕಾದ್ದು ಅರ್ಧ ಇಂಚು ಚೌಕ ಕಣ್ಣಿನ ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪದ ಕಬ್ಬಿಣದ ತಂತಿಯನ್ನು ಬೆಸೆದು ಮಾಡಿದ ಜಾಲರಿ. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ ಅನ್ನೋದು ನೆನಪಿರಲಿ: 19 ಗೇಜ್ ಅಂದರೆ ಹತ್ತಿರ ಹತ್ತಿರ 1 ಮಿ.ಮೀ., 16 ಗೇಜ್ ಅಂದರೆ 1.6 ಮಿ.ಮೀ. ಮುಂಗುಸಿ, ಹೆಗ್ಗಣ, ಬೆಕ್ಕಿಗೆ 19 ಸಾಕು. ದೊಡ್ಡ ನಾಯಿಗಳ ಕಾಟ ಇದ್ದರೆ ನೆಲದಿಂದ ಮೂರು ಅಡಿವರೆಗೆ ಹೊರಗಡೆ ಎರಡು ಇಂಚು ಕಣ್ಣಿನ ದಪ್ಪ ವೆಲ್ಡ್ ಮೆಶ್ ಇನ್ನೊಂದು ಪದರ ಹೊಡೆಯಿರಿ. ಇಡೀ ಅಂಗಳಕ್ಕೆ 16 ಗೇಜ್ ಹಾಕುವುದಕ್ಕಿಂತ ಇದು ಅಗ್ಗ.

ಕೊಳ್ಳುವಾಗ ಬೆಸುಗೆ ಬಿಂದು ನೋಡಿ. ಬೆಸೆದ ಮೇಲೆ ಸತುವಿನಲ್ಲಿ ಅದ್ದಿದ್ದರೆ ತಂತಿ ಕೂಡುವ ಜಾಗದಲ್ಲಿ ಬೆಳ್ಳನೆ ಲೇಪ ತುಂಬಿಕೊಂಡಿರುತ್ತೆ. ಮೊದಲೇ ಲೇಪ ಕೊಟ್ಟ ತಂತಿಯನ್ನು ಆಮೇಲೆ ಬೆಸೆದಿದ್ದರೆ ಆ ಜಾಗದಲ್ಲಿ ಸುಟ್ಟ ಕಪ್ಪು ಚುಕ್ಕೆ ಕಾಣುತ್ತೆ. ತುಕ್ಕು ಶುರುವಾಗುವುದು ಆ ಚುಕ್ಕೆಯಿಂದಲೇ. ಮಣ್ಣಿಗೆ ತಾಗುವ ಕಡೆಯಂತೂ ಎರಡನೇ ಥರದ್ದು ಬೇಡವೇ ಬೇಡ.

ಲೆಕ್ಕ: 4 ಅಡಿ ಅಗಲದ ಸುರುಳಿ ತನ್ನಿ. ಕೆಳಗಿನ ಸಾಲಿನ ಜಾಲರಿಯನ್ನು ಉದ್ದಕ್ಕೂ ನಡುವೆ ಮಡಚಿ: ಎರಡು ಅಡಿ ಮೇಲಕ್ಕೆ ಗೋಡೆಯಾಗಿ, ಎರಡು ಅಡಿ ಹೊರಗೆ ನೆಲದ ಮೇಲೆ ಹಾಸಾಗಿ. ಹೀಗೆ ಮಾಡಿದರೆ ಬುಡದಲ್ಲಿ ಜೋಡಣೆಯೇ ಇರಲ್ಲ, ಕಾಲಲ್ಲಿ ಕೆರೆಯುವ ಪ್ರಾಣಿ ಮೊದಲು ಹುಡುಕುವುದೇ ಆ ಜೋಡಣೆಯನ್ನು. ಅದರ ಮೇಲೆ ಇನ್ನೊಂದು 4 ಅಡಿ ಸಾಲು. ಎರಡೂ ಮೂರು ಇಂಚು ಒಂದರ ಮೇಲೊಂದು ಬರಬೇಕು, ಹಾಗಾಗಿ ಕಂಬದ ಎತ್ತರ 5 ಅಡಿ 9 ಇಂಚಿಗೆ ಇಳಿಸಿಕೊಳ್ಳಿ. ಅಂಗಳದ ಮೂರು ಬದಿ ಸೇರಿ 12+12+8, ಅಂದರೆ 32 ಅಡಿ. ಎರಡು ಸಾಲಿಗೆ 64 ಅಡಿ. ಚಾವಣಿಗೆ 12 ಅಡಿಯ ಎರಡು ತುಂಡು, 24 ಅಡಿ. ಒಟ್ಟು 88. 50 ಅಡಿಯ ಎರಡು ಸುರುಳಿ ತಂದರೆ ಉಳಿದ 12 ಅಡಿ ಮೂಲೆ, ಗೂಡಿನ ಗಾಳಿ ಕಿಂಡಿ, ತೇಪೆಗೆ ಹೋಗುತ್ತೆ.

ಮೂಲೆಯ ವಿಷಯ ಬಿಟ್ಟುಬಿಡಬೇಡಿ. ಹೊರಗೆ ಮಡಚಿದ ಹಾಸು ಮೂಲೆಯಲ್ಲಿ ಸೇರಲ್ಲ, ಎರಡಡಿ ಚೌಕದಷ್ಟು ಮಣ್ಣು ಬರಿದಾಗಿ ಉಳಿಯುತ್ತೆ. ಎರಡೂವರೆ ಅಡಿ ಚೌಕದ ತುಂಡು ಕತ್ತರಿಸಿ ಅಲ್ಲಿಟ್ಟು, ಎರಡೂ ಕಡೆಯ ಹಾಸಿಗೆ ಬೈಂಡಿಂಗ್ ವೈರ್‌ನಿಂದ ನಾಲ್ಕು ಇಂಚಿಗೊಂದರಂತೆ ಬಿಗಿಯಿರಿ.

ಕೂರಿಸುವುದು: ಸ್ಟೇಪ್ಲರ್ ಪಿನ್ನು ಜಾಲರಿಯನ್ನು ಜಾಗದಲ್ಲಿ ನಿಲ್ಲಿಸಿಕೊಳ್ಳೋಕೆ ಮಾತ್ರ. ಆಮೇಲೆ ಅಂಚಿನ ಮೇಲೆ ಒಂದು ಇಂಚು ಅಗಲದ ರೀಪು ಇಟ್ಟು, ಆರು ಇಂಚಿಗೊಂದು ಸ್ಕ್ರೂ ತಿರುಗಿಸಿ. ರೀಪು ಬರದ ಕಡೆ ಸ್ಕ್ರೂಗೆ ಅಗಲ ವಾಷರ್. ಜಾಲರಿ ಚೌಕಟ್ಟಿನ ಹೊರಮೈಗೆ ಇರಲಿ. ನಾಯಿ ಮೈಭಾರ ಹಾಕಿ ನೂಕಿದಾಗ ಜಾಲರಿ ಮರಕ್ಕೆ ಒತ್ತಿಕೊಳ್ಳುತ್ತೆ. ಒಳಮೈಗೆ ಹೊಡೆದಿದ್ದರೆ ಅದೇ ನೂಕಿಗೆ ಪಿನ್ನು ಕಿತ್ತು ಬರುತ್ತೆ.

ಗಾರೆ_ಕರಣೆ:

ಜಾಲರಿ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನೆಲದ ಬಗ್ಗೆ ನನ್ನ ಅಭಿಪ್ರಾಯ: ಗೂಡಿಗೆ ಕಾಂಕ್ರೀಟ್, ಅಂಗಳಕ್ಕೆ ಮಣ್ಣು. ಎರಡಕ್ಕೂ ಒಂದೇ ಮದ್ದು ಬೇಡ.

ಗೂಡಿನ ಒಳಗೆ ಕೋಳಿ ಕತ್ತಲಲ್ಲಿ ಕದಲದೆ ಕೂತಿರುತ್ತೆ. ಹೆಗ್ಗಣ ಬಿಲ ತೋಡಿ ಒಳಗೇ ಎದ್ದರೆ ಓಡುವ ದಾರಿಯೂ ಇಲ್ಲ. ಅಲ್ಲಿ ಮೂರು ಇಂಚು ಕಾಂಕ್ರೀಟ್ ಹಾಕಿ. 8×6 ಅಡಿಗೆ ಅದು 12 ಘನ ಅಡಿ ಆಗುತ್ತೆ. 1:2:4 ಮಿಶ್ರಣಕ್ಕೆ (ಸಿಮೆಂಟು, ಮರಳು, ಜಲ್ಲಿ) 50 ಕೆ.ಜಿ.ಯ ಸಿಮೆಂಟು ಚೀಲ ಎರಡೂಕಾಲು ಹಿಡಿಯುತ್ತೆ, ಅಂಚಿನ ಗಾರೆ ಕೆಲಸಕ್ಕೂ ಸೇರಿಸಿ ಮೂರು ತರಿಸಿ. ಕೆಳಗಿನ ಮಣ್ಣನ್ನು ನೀರು ಹಾಕಿ ದಮ್ಮಸು ಮಾಡಿಕೊಳ್ಳದೆ ಮೇಲೆ ಸುರಿದರೆ ಒಂದೆರಡು ಮಳೆಗಾಲದಲ್ಲಿ ಬಿರುಕು ಬರುತ್ತೆ, ಬಿರುಕಿನ ಕೆಳಗೆ ಹೆಗ್ಗಣ ಸಂಸಾರ ಹೂಡುತ್ತೆ. ನೆಲಮಟ್ಟ ಹೊರಗಿನ ಮಣ್ಣಿಗಿಂತ ಆರು ಇಂಚು ಮೇಲಿರಲಿ, ಬಾಗಿಲ ಕಡೆಗೆ ಒಂದು ಇಂಚು ಇಳಿಜಾರು ಕೊಡಿ. ಏಳು ದಿನ ನೀರುಣಿಸಿ. ನೀರು ಹೋಗಲು ತೂತು ಬಿಟ್ಟರೆ ಅದರ ಬಾಯಿಗೂ ಜಾಲರಿ ಕೂರಿಸಿ. ಎಲ್ಲ ಮುಗಿಸಿ ಈ ಒಂದು ತೂತನ್ನು ಮರೆಯುವವರು ತುಂಬ ಜನ.

ಮರದ ಬುಡದ ತೊಲೆ ಕಾಂಕ್ರೀಟಿನ ಮೇಲೆ ಸುಮ್ಮನೆ ಕೂತರೆ ಸಾಲದು. ಮೂರು ನಾಲ್ಕು ಅಡಿಗೊಂದು ಆಂಕರ್ ಬೋಲ್ಟ್ ಹಾಕಿ, ತೊಲೆಯ ಕೆಳಗಿನ ಸಂದಿಗೆ ಗಾರೆ ತುಂಬಿ. ಗೋಡೆ ಪ್ಲೈವುಡ್ ಅಥವಾ ಹಲಗೆಯದ್ದಾದರೆ ಹೊರಗಡೆ ಬುಡದಿಂದ ಒಂದು ಅಡಿ ಎತ್ತರಕ್ಕೆ ತಗಡಿನ ಪಟ್ಟಿ ಹೊಡೆಯಿರಿ. ಹೆಗ್ಗಣ ಕಡಿಯಲು ಶುರು ಮಾಡುವುದು ಹಲ್ಲಿಗೆ ಅಂಚು ಸಿಗುವ ಕಡೆ, ಸಾಪಾದ ತಗಡಿನಲ್ಲಿ ಆ ಅಂಚೇ ಸಿಗಲ್ಲ.

ಎರಡು ಅಡಿ ಆಳಕ್ಕೆ ಹೂಳುವ ಬಗ್ಗೆ ಕೇಳಿದ್ದೀರಿ. ಶ್ರಮ ದಂಡ ಅನ್ನೋದು ನನ್ನ ಲೆಕ್ಕ. ನಾಯಿ, ನರಿ, ಮುಂಗುಸಿ ಯಾವುದೇ ಆಗಲಿ, ಗೋಡೆಗೆ ಮೂಗು ತಾಗುವ ಜಾಗದಲ್ಲೇ ಕೆರೆಯಲು ತೊಡಗುತ್ತೆ. ಅಲ್ಲಿ ಉಗುರಿಗೆ ತಂತಿ ಸಿಕ್ಕರೆ ಒಂದು ಗೇಣು ಪಕ್ಕಕ್ಕೆ ಹೋಗಿ ಮತ್ತೆ ಗೋಡೆ ಬುಡಕ್ಕೇ ಬರುತ್ತೆ. ಎರಡಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡಬೇಕು ಅನ್ನೋದು ಅದಕ್ಕೆ ಹೊಳೆಯುವುದು ಅಪರೂಪ. ಅದಕ್ಕೇ ನೆಲದ ಮೇಲಿನ ಹಾಸು ಅಷ್ಟು ಚೆನ್ನಾಗಿ ಕೆಲಸ ಮಾಡುವುದು. ನೇರ ಹೂತ ಜಾಲರಿ ಮಣ್ಣೊಳಗೆ ತುಕ್ಕು ಹಿಡಿದರೆ ಗೊತ್ತೂ ಆಗಲ್ಲ, ಬದಲಿಸಲು ಮತ್ತೆ ಗುಂಡಿ ತೆಗೆಯಬೇಕು.

ಹಾಸು ಹಾಕುವಾಗ ಮೇಲಿನ ಎರಡು ಇಂಚು ಮಣ್ಣು ಎತ್ತಿ ಬದಿಗಿಟ್ಟುಕೊಳ್ಳಿ. ಜಾಲರಿ ಹಾಸಿ, 6 ಮಿ.ಮೀ. ಕಂಬಿಯನ್ನು ಕೊಡೆ ಹಿಡಿಯ ಹಾಗೆ ಬಗ್ಗಿಸಿದ ಹತ್ತು ಇಂಚಿನ ಗೂಟಗಳನ್ನು ಎರಡು ಅಡಿಗೊಂದು ಬಡಿಯಿರಿ. ಹೊರ ಅಂಚಿಗೆ ಮಾತ್ರ ಒಂದು ಅಡಿಗೊಂದು ಬೇಕು. ಅಂಚು ಎದ್ದು ನಿಂತರೆ ಕಾಲಿಗೆ ತೊಡರುತ್ತೆ, ಹುಲ್ಲು ಕೊಯ್ಯುವಾಗ ಕತ್ತಿಗೆ ಸಿಗುತ್ತೆ. ಆಮೇಲೆ ಮಣ್ಣು ಮುಚ್ಚಿ. ಹುಲ್ಲು ಬೇರು ಬಿಟ್ಟ ಮೇಲೆ ಅದನ್ನು ಕೀಳುವುದು ಮನುಷ್ಯರಿಗೂ ಕಷ್ಟ. ಕಲ್ಲು ನೆಲವಾಗಿ ಗೂಟ ಇಳಿಯದಿದ್ದರೆ ಹಾಸಿನ ಮೇಲೆ ಸೈಜುಗಲ್ಲು ಜೋಡಿಸಿ.

ಒಂದು ಮಿತಿ ಹೇಳಿಬಿಡುತ್ತೇನೆ. ಹಾಸು ಹೆಗ್ಗಣವನ್ನು ಪೂರ್ತಿ ತಡೆಯಲ್ಲ. ಅದು ದೂರದಿಂದ ಬಿಲ ತೋಡಿಕೊಂಡು ಅಂಗಳದ ನಡುವೆ ಏಳಬಲ್ಲದು. ಹಾಗಾಗಿ ಅಂಗಳಕ್ಕೂ ಗೂಡಿಗೂ ನಡುವಿನ ಗೋಡೆ ಉಳಿದ ಮೂರು ಗೋಡೆಯಷ್ಟೇ ಬಿಗಿಯಾಗಿರಬೇಕು. ರಾತ್ರಿ ಕೋಳಿ ಕಿಂಡಿ ಮುಚ್ಚಲೇಬೇಕು.

ಚಿಲಕ_ಕೊಂಡಿ:

ಬಾಗಿಲು ಎರಡು ಬೇಕು, ಮನುಷ್ಯರಿಗೊಂದು, ಕೋಳಿಗೊಂದು ಕಿಂಡಿ. ಎರಡರ ತೊಂದರೆ ಬೇರೆ ಬೇರೆ.

ದೊಡ್ಡ ಬಾಗಿಲಿನ ಕಾಯಿಲೆ ಜೋಲುವುದು. ಜಾಲರಿ ಹೊಡೆದ ಮರದ ಬಾಗಿಲು ಮಳೆ ಬಿಸಿಲಿಗೆ ಸಡಿಲವಾಗಿ ಚಿಲಕದ ಕಡೆ ಕೆಳಗಿಳಿಯುತ್ತೆ, ಮೇಲ್ಗಡೆ ತ್ರಿಕೋನದ ಸಂದಿ ಬಾಯಿ ಬಿಡುತ್ತೆ. ಅಡ್ಡಪಟ್ಟಿಯನ್ನು ಓರೆಯಾಗಿ ಹೊಡೆಯಿರಿ: ಕೆಳತುದಿ ಕೀಲಿನ ಕಡೆ, ಮೇಲ್ತುದಿ ಚಿಲಕದ ಕಡೆ. ಹಾಗಿದ್ದರೆ ಬಾಗಿಲಿನ ಭಾರ ಪಟ್ಟಿಯ ಮೂಲಕ ಕೆಳಗಿನ ಕೀಲಿಗೆ ಇಳಿಯುತ್ತೆ. ತಿರುಗುಮುರುಗಾಗಿ ಹೊಡೆದ ಮರದ ಪಟ್ಟಿ ಎಳೆತ ತಾಳದೆ ಮೊಳೆ ಸಡಿಲಿಸುತ್ತೆ. ಬಾಗಿಲ ಸುತ್ತ ಒಳಗಡೆ ಒಂದು ಇಂಚಿನ ತಡೆಪಟ್ಟಿ ಕೊಟ್ಟರೆ ಸಂದಿ ಕಾಣಿಸಿದರೂ ದಾರಿ ಆಗಲ್ಲ. ಹೊಸ್ತಿಲು ಬೇಕೇ ಬೇಕು, ಆರು ಇಂಚು ಎತ್ತರದ್ದು. ಹೊಸ್ತಿಲಿಲ್ಲದ ಬಾಗಿಲ ಕೆಳಗೆ ಮಣ್ಣು ಸವೆದು ಗುಳಿ ಬೀಳುತ್ತೆ, ನಾಯಿಗೆ ಅಷ್ಟು ಸಾಕು.

ಕೊಕ್ಕೆ-ಕಣ್ಣಿನ ಚಿಲಕ ಒಂದನ್ನೇ ನಂಬಬೇಡಿ. ನಾಯಿ ಮೂಗಿನಿಂದ ಮೇಲೆತ್ತಿದರೆ ತೆರೆಯುತ್ತೆ, ಮಂಗಕ್ಕಂತೂ ಅದು ಆಟ. ಅಡ್ಡ ಅಗುಳಿ ಹಾಕಿ, ಅದರ ತೂತಿಗೆ ಸ್ಪ್ರಿಂಗ್ ಕೊಂಡಿ ಸಿಕ್ಕಿಸಿ. ಒಂದನ್ನು ಒತ್ತಿ, ಇನ್ನೊಂದನ್ನು ಎಳೆಯಬೇಕಾದ ಜೋಡಿ ಪ್ರಾಣಿಗಳಿಗೆ ಕಷ್ಟ. ಎತ್ತರದ ಬಾಗಿಲಿಗೆ ಮೇಲೊಂದು ಕೆಳಗೊಂದು ಅಗುಳಿ ಇರಲಿ. ನಡುವೆ ಒಂದೇ ಇದ್ದರೆ ಕೆಳಮೂಲೆ ನೂಕಿದಾಗ ಬಾಗುತ್ತೆ. ಮೊಟ್ಟೆ ಪೆಟ್ಟಿಗೆಗೆ ಹೊರಗಿನಿಂದ ಮುಚ್ಚಳ ಇಟ್ಟರೆ ಅದಕ್ಕೂ ಇದೇ ನಿಯಮ.

ಕೋಳಿ ಕಿಂಡಿ 12 ಇಂಚು ಅಗಲ, 14 ಇಂಚು ಎತ್ತರ ಸಾಕು. ಮೇಲಿಂದ ಕೆಳಗೆ ಜಾರುವ ಹಲಗೆ ಒಳ್ಳೆಯದು, ಆದರೆ ಎರಡು ಬದಿ ಗಾಡಿ (ಹಲಗೆಯ ಅಂಚು ಕೂರುವ ತೋಡು) ಇದ್ದು ಕೆಳಗೆ ಏನೂ ಇಲ್ಲದಿದ್ದರೆ ಬೆಕ್ಕು ಉಗುರು ತೂರಿಸಿ ಮೇಲೆತ್ತುತ್ತೆ. ಹಲಗೆಯ ಕೆಳ ಅಂಚು ಅರ್ಧ ಇಂಚು ಆಳದ ಗಾಡಿಯೊಳಗೆ ಕೂರಬೇಕು, ಮುಚ್ಚಿದ ಮೇಲೆ ಬದಿಯಿಂದ ಒಂದು ಮೊಳೆ ಪಿನ್ನು ಸಿಕ್ಕಿಸಬೇಕು. ಆ ಗಾಡಿಯಲ್ಲಿ ಹೊಟ್ಟು, ಹಿಕ್ಕೆ ತುಂಬಿಕೊಳ್ಳುತ್ತೆ. ಹೊರಗಡೆಗೆ ಎರಡು ಸಣ್ಣ ತೂತು ಕೊರೆದರೆ ಕಡ್ಡಿಯಿಂದ ನೂಕಿ ತೆಗೆಯಬಹುದು.

ಇನ್ನು ಕೂರುವ ಕೋಲು. ಯಾವ ಕೋಲೂ ಜಾಲರಿಯಿಂದ ಒಂದು ಅಡಿ ಒಳಗೇ ಇರಲಿ. ಜಾಲರಿಗೆ ಒರಗಿ ಮಲಗಿದ ಕೋಳಿಯನ್ನು ಕಾಡುಬೆಕ್ಕು ಹೊರಗಿನಿಂದಲೇ ಹೆದರಿಸಿ, ಕಣ್ಣಿನಿಂದ ಈಚೆ ಬಂದ ಕಾಲು, ರೆಕ್ಕೆ ಕಚ್ಚಿ ಎಳೆಯುತ್ತೆ. ಒಂದು ಕೋಳಿಗೆ 8ರಿಂದ 10 ಇಂಚು ಲೆಕ್ಕ, ಹನ್ನೆರಡಕ್ಕೆ ಎಂಟು ಅಡಿಯ ಒಂದು ಕೋಲು ಇಕ್ಕಟ್ಟು, ಎರಡು ಹಾಕಿ. ಮೊಟ್ಟೆ ಪೆಟ್ಟಿಗೆ ಕೋಲಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹೊಲಸು ಮಾಡುತ್ತವೆ. ಒಂದು ಅಡಿ ಚೌಕದ ಮೂರು ಪೆಟ್ಟಿಗೆ ಸಾಕು.

ಹಿತ್ತಲಕೋಳಿ:

ತುಂಬ ಉಪಕಾರ ಆಯ್ತು. ಮೂಲೆ ತುಂಡು, ಕೆಳಗಿನ ಗಾಡಿ ಎರಡೂ ನಕ್ಷೆಯಲ್ಲಿ ಇರಲಿಲ್ಲ, ಸೇರಿಸಿಕೊಂಡೆ. ಗಾಳಿ ಮತ್ತು ಹಾವಿನ ಬಗ್ಗೆ ಯಾರಾದರೂ ಹೇಳಿ. ನಾಫ್ತಲಿನ್ ಉಂಡೆ, ಗಂಧಕದ ಪುಡಿ ಸುತ್ತ ಹಾಕಿದರೆ ಹಾವು ಬರಲ್ಲ ಅಂತಾರೆ, ನಿಜವಾ? ಅಂಗಳದ ಮೇಲೆ ಜಾಲರಿ ಬದಲು ನೈಲಾನ್ ಬಲೆ ಹಾಕಿದರೆ ಆಗುತ್ತಾ?

ಪುಕ್ಕದ_ಗುರುತು:

ಉಂಡೆ, ಗಂಧಕ ಯಾವುದನ್ನೂ ನಂಬಬೇಡಿ. ಹಾವು ಅವುಗಳನ್ನು ದಾಟಿಕೊಂಡೇ ಬರುತ್ತೆ. ಉಂಡೆ ವಿಷ, ಕೋಳಿ ಕುಕ್ಕಿದರೆ ನಷ್ಟ ನಿಮಗೇ. ಹಾವು ಕೋಳಿಗೂಡಿಗೆ ಬರುವುದು ಎರಡು ಕಾರಣಕ್ಕೆ, ಇಲಿ ಮತ್ತು ಮೊಟ್ಟೆ. ಸಂಜೆ ಮೊಟ್ಟೆ ಎತ್ತಿ, ಮೇವಿನ ಡಬ್ಬ ಮುಚ್ಚಳವಿರುವ ತಗಡಿನ ಪೀಪಾಯಿಗೆ ಸೇರಿಸಿ, ಚೆಲ್ಲಿದ ಕಾಳು ಗುಡಿಸಿದರೆ ಅರ್ಧ ಕೆಲಸ ಆದಂತೆ. ನೀರು ಇರಲಿ. ಗೂಡಿನ ಸುತ್ತ ನಾಲ್ಕು ಅಡಿ ಕಳೆ, ಸೌದೆ ರಾಶಿ, ಹಳೇ ಹೆಂಚು ಇರಕೂಡದು.

ಅರ್ಧ ಇಂಚು ಜಾಲರಿಯಲ್ಲಿ ಕೋಳಿಗೆ, ಮೊಟ್ಟೆಗೆ ಕೈಹಾಕುವಷ್ಟು ದೊಡ್ಡ ಹಾವು ತೂರಲ್ಲ. ಎಳೆ ಹಾವುಮರಿ ತೂರಬಹುದು, ಅದಕ್ಕೆ ಮೊಟ್ಟೆ ನುಂಗಲಾಗಲ್ಲ. ಹೂಮರಿ ಸಾಕುವ ಪೆಟ್ಟಿಗೆಗೆ ಮಾತ್ರ ಕಾಲು ಇಂಚಿನದ್ದು ಹಾಕಿ. ಇಡೀ ಗೂಡಿಗೆ ಅದು ಬೇಡ, ಧೂಳು, ಪುಕ್ಕದ ಪುಡಿ ಕಟ್ಟಿಕೊಂಡು ಗಾಳಿ ನಿಲ್ಲುತ್ತೆ. ಅಪಾಯ ಇರುವುದು ಮುಕ್ಕಾಲು ಇಂಚಿನ ಸಂದಿಯಲ್ಲಿ. ಹಸಿದ ಹಾವು ಅದರಲ್ಲಿ ಒಳಗೆ ಬಂದು ಮೊಟ್ಟೆ ನುಂಗಿದ ಮೇಲೆ ಹೊಟ್ಟೆ ಉಬ್ಬಿ ಹೊರಗೆ ಹೋಗಲಾರದೆ ಪೆಟ್ಟಿಗೆಯಲ್ಲೇ ಸುತ್ತಿಕೊಂಡು ಬಿದ್ದಿರುತ್ತೆ. ಪೆಟ್ಟಿಗೆಗೆ ಕೈ ಹಾಕುವ ಮೊದಲು ಟಾರ್ಚ್ ಬಿಡುವುದು ಅಭ್ಯಾಸವಾಗಲಿ.

ನೈಲಾನ್ ಬಲೆ ಹದ್ದಿಗೆ, ಗಿಡುಗಕ್ಕೆ ಸರಿ. ಎರಡು ಇಂಚು ಕಣ್ಣಿದ್ದರೂ ನಡೆಯುತ್ತೆ. ಆದರೆ ಕಾಡುಬೆಕ್ಕು, ಪುನುಗಿನ ಬೆಕ್ಕು ಕಂಬ ಹತ್ತಿ ಬಲೆ ಕಡಿದು ಇಳಿಯುತ್ತವೆ. ಮುಂಗುಸಿ ಹಗಲಲ್ಲೇ ಬೇಟೆಯಾಡುವ ಪ್ರಾಣಿ, ರಾತ್ರಿ ಬಾಗಿಲು ಮುಚ್ಚಿದೆ ಅನ್ನೋ ಧೈರ್ಯ ಅದರ ಮುಂದೆ ನಡೆಯಲ್ಲ. ಕೋಳಿ ಹಗಲೆಲ್ಲ ಅಂಗಳದಲ್ಲಿದ್ದು ನೋಡಿಕೊಳ್ಳುವವರು ಇಲ್ಲದಿದ್ದರೆ ಮೇಲೂ ವೆಲ್ಡ್ ಮೆಶ್ಶೇ ಹಾಕಿ. ನೆಲಕ್ಕೆ ಜೋತುಬಿದ್ದ ಬಲೆಗೆ ಹಾವು ಸಿಕ್ಕಿಕೊಂಡು ಸಾಯುತ್ತೆ, ಅದನ್ನು ಬಿಡಿಸುವುದು ಇನ್ನೊಂದು ಅಪಾಯ.

ಗಾಳಿಗೆ ಕೋಳಿಗೊಂದು ಚದರ ಅಡಿ ಕಿಂಡಿ ಅಂತ ಲೆಕ್ಕ ಇಡಿ, ನಿಮಗೆ ಹನ್ನೆರಡು. ಸೂರಿನ ಕೆಳಗೆ 8 ಅಡಿ ಉದ್ದದ ಎರಡೂ ಗೋಡೆಯಲ್ಲಿ 9 ಇಂಚು ಎತ್ತರದ ಪಟ್ಟಿ ಬಿಟ್ಟರೆ ಅಲ್ಲಿಗೆ ಸರಿಹೋಗುತ್ತೆ. ಎರಡಕ್ಕೂ ಅದೇ ಅರ್ಧ ಇಂಚು ಜಾಲರಿ, ಅದೇ ರೀಪು. ಕಿಂಡಿ ಕೂತ ಕೋಳಿಯ ತಲೆಗಿಂತ ಮೇಲಿರಬೇಕು, ಗಾಳಿ ಮೈಮೇಲೆ ಬೀಸದೆ ಹಿಕ್ಕೆಯ ಘಾಟು ಮೇಲಿಂದ ಹೊರಗೆ ಹೋಗಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿದರೆ ಕಿಂಡಿ ಸಾಲದು ಅಂತ ಅರ್ಥ.

ತಗಡಿನ ಅಲೆಯ ಕೆಳಗೂ ನೋಡಿ. ಗೋಡೆಯ ಮೇಲೆ ತಗಡು ಕೂತ ಕಡೆ ಪ್ರತಿ ಅಲೆಗೂ ಒಂದೊಂದು ಅರ್ಧಚಂದ್ರದ ಸಂದಿ ಉಳಿಯುತ್ತೆ. ಹೊರಗೆ ನಿಂತರೆ ಕಣ್ಣಿಗೆ ಬೀಳಲ್ಲ. ಜಾಲರಿಯ ಪಟ್ಟಿಯನ್ನು ಮಡಚಿ ತುರುಕಿ ಗಾರೆ ಮೆತ್ತಿ. ಫೋಮ್ ಸ್ಪ್ರೇ ಹೊಡೆದರೆ ಇಲಿ ಅದನ್ನೇ ಕಡಿದು ಗೂಡು ಮಾಡಿಕೊಳ್ಳುತ್ತೆ. ಕೆಲಸ ಮುಗಿದ ರಾತ್ರಿ ಕೋಳಿ ಬಿಡುವ ಮೊದಲೇ ಒಳಗೊಂದು ಜೋರು ಬಲ್ಬು ಹಚ್ಚಿಟ್ಟು, ಹೊರಗೆ ಕತ್ತಲಲ್ಲಿ ಸುತ್ತು ಹಾಕಿ. ಜಾಲರಿ ಇಲ್ಲದ ಕಡೆ ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಕಿರುಬೆರಳು ಹೋಗುವ ಸಂದಿ ಯಾವುದಿದ್ದರೂ ಮುಚ್ಚಿ.

ಕೋಳಿ ಹೋದ ಮೇಲೆ ಯಾವ ಪ್ರಾಣಿ ಅಂತ ತಿಳಿಯಬೇಕಾದರೆ ಉಳಿದದ್ದನ್ನು ನೋಡಿ. ಹಲವು ಕೋಳಿ ಸತ್ತು ಬಿದ್ದು ತಿಂದಿಲ್ಲದಿದ್ದರೆ ನಾಯಿ ಅಥವಾ ಮುಂಗುಸಿ. ಮುಂಗುಸಿಯಾದರೆ ಗಾಯ ಕುತ್ತಿಗೆ, ತಲೆಯ ಹತ್ತಿರ ಸಣ್ಣದಾಗಿರುತ್ತೆ, ನಾಯಿಯಾದರೆ ಮೈಯೆಲ್ಲ ಹರಿದಿರುತ್ತೆ, ಜಾಲರಿಯೂ ಬಾಗಿರುತ್ತೆ. ಒಂದೇ ಕೋಳಿ ಇಡಿಯಾಗಿ ಮಾಯವಾಗಿ ನಾಲ್ಕು ಪುಕ್ಕ ಮಾತ್ರ ಬಿದ್ದಿದ್ದರೆ ನರಿ ಇಲ್ಲವೇ ಕಾಡುಬೆಕ್ಕು. ಬಯಲಲ್ಲಿ ಪುಕ್ಕ ಗುಂಪಾಗಿ ಕಿತ್ತು ಹಾಕಿದ್ದರೆ ಗಿಡುಗ. ಮೊಟ್ಟೆ ಚಿಪ್ಪೂ ಇಲ್ಲದೆ ಹೋದರೆ ಹಾವಿನ ಅನುಮಾನ ಮೊದಲು, ಚಿಪ್ಪು ಒಡೆದು ಬಿದ್ದಿದ್ದರೆ ಮುಂಗುಸಿ, ಹೆಗ್ಗಣ ಅಥವಾ ಕಾಗೆ. ಹೇಂಟೆಯೇ ಕುಕ್ಕಿ ತಿನ್ನುವುದೂ ಉಂಟು, ಅದರ ಕೊಕ್ಕಿನ ಮೇಲೆ ಹಳದಿ ಒಣಗಿರುತ್ತೆ.

ವಿಷ ಇಡುವ ಮಾತು ಬೇಡ. ವಿಷ ತಿಂದ ಇಲಿ ತತ್ತರಿಸುತ್ತಾ ಅಂಗಳಕ್ಕೆ ಬಂದರೆ ಕೋಳಿ ಅದನ್ನು ಕುಕ್ಕಿ ತಿನ್ನುತ್ತೆ.

ತಂತಿ_ಇಕ್ಕಳ:

ಕರೆಂಟ್ ಬೇಲಿ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಮನೆಯ ಲೈನನ್ನು ನೇರ ತಂತಿಗೆ ಕೊಡುವುದು ಕೊಲೆಗೆ ಸಮ, ಮಾಡಲೇಬೇಡಿ. ಬೇಲಿಗೆಂದೇ ಮಾಡಿದ ಎನರ್ಜೈಸರ್ ಸಣ್ಣ ಸಣ್ಣ ಮಿಡಿತದಲ್ಲಿ ಕರೆಂಟ್ ಬಿಡುತ್ತೆ, ಅದಕ್ಕೆ ಅರ್ಥಿಂಗ್ ಕಂಬಿ ಸರಿಯಾಗಿ ಹೂಳಬೇಕು. ಜಾಲರಿಯಿಂದ ದೂರ ಹಿಡಿಯುವ ಇನ್ಸುಲೇಟರ್ ಮೇಲೆ ನೆಲದಿಂದ 6 ಇಂಚಿಗೊಂದು, 12 ಇಂಚಿಗೊಂದು ತಂತಿ ಎಳೆದರೆ ನಾಯಿ, ನರಿ ಮೂಗು ತಾಗಿಸಿ ಹಿಂದೆ ಹೋಗುತ್ತವೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ಮಣ್ಣಿಗೆ ಹರಿದುಹೋಗುತ್ತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರುವುದು ಆಗದಿದ್ದರೆ ಅದರ ಉಸಾಬರಿ ಬೇಡ. ಈ ಅಳತೆಯ ಗೂಡಿಗೆ ಜಾಲರಿ, ಹಾಸು ಸರಿಯಿದ್ದರೆ ಬೇಲಿ ಇಲ್ಲದೆಯೂ ನಡೆಯುತ್ತೆ.

ಹಿತ್ತಲಕೋಳಿ:

ಕೊನೆಯದೊಂದು. ಕೋಳಿ ಕಿಂಡಿಗೆ ತಾನಾಗೇ ಮುಚ್ಚುವ ಮೋಟಾರ್ ಬಾಗಿಲು ಹಾಕಿದರೆ ಹೇಗೆ? ಸಂಜೆ ಮನೆಗೆ ಬರೋದು ತಡ ಆಗುತ್ತೆ.

ಚಿಲಕ_ಕೊಂಡಿ:

ಹಾಕಿ, ಆದರೆ ಬೆಳಕಿನ ಸೆನ್ಸರ್ ಒಂದನ್ನೇ ನೆಚ್ಚಬೇಡಿ. ಮೋಡ ಕವಿದ ಸಂಜೆ ಬೇಗ ಮುಚ್ಚಿಕೊಂಡು ಕೋಳಿ ಹೊರಗೇ ಉಳಿಯುತ್ತವೆ, ಪಕ್ಕದಲ್ಲಿ ದೀಪವಿದ್ದರೆ ಮುಚ್ಚುವುದೇ ಇಲ್ಲ. ಟೈಮರ್ ಇರುವುದನ್ನು ಕೊಂಡು ಸೂರ್ಯ ಮುಳುಗಿ ಅರ್ಧ ಗಂಟೆಗೆ ಇಡಿ, ಹಗಲಿನ ಉದ್ದ ಬದಲಾದ ಹಾಗೆ ತಿಂಗಳಿಗೊಮ್ಮೆ ತಿದ್ದಿ. ಹಲಗೆಗೆ ಅಡ್ಡ ಏನಾದರೂ ಸಿಕ್ಕರೆ ತಾನಾಗೇ ನಿಲ್ಲುವ ವ್ಯವಸ್ಥೆ ಇದೆಯಾ ಅಂತ ಕೊಳ್ಳುವಾಗಲೇ ಕೈ ಅಡ್ಡ ಇಟ್ಟು ಪರೀಕ್ಷಿಸಿ. ದಾರದಲ್ಲಿ ಎಳೆಯುವ ಬಾಗಿಲಾದರೆ ಕೆಳಗಿಳಿದ ಮೇಲೆ ಹಲಗೆಗೆ ಹಿಡಿತ ಇರಲ್ಲ, ಬೆಕ್ಕು ಎತ್ತಬಹುದು. ಹಲ್ಲುಗಾಲಿ ಅಥವಾ ಸ್ಕ್ರೂ ಮೇಲೆ ನಡೆಯುವುದು ತಾನೇ ಬೀಗ ಹಾಕಿಕೊಂಡ ಹಾಗಿರುತ್ತೆ, ಅದನ್ನೇ ಆರಿಸಿ. ಬ್ಯಾಟರಿ ಇಳಿದಾಗ ಬಾಗಿಲು ಯಾವ ಸ್ಥಿತಿಯಲ್ಲಿ ನಿಲ್ಲುತ್ತೆ ಅಂತ ಒಮ್ಮೆ ಬ್ಯಾಟರಿ ಕಿತ್ತು ನೋಡಿಕೊಳ್ಳಿ. ಮೊದಲ ಎರಡು ವಾರ ಮುಚ್ಚುವ ಹೊತ್ತಿಗೆ ಯಾರಾದರೂ ಅಲ್ಲಿದ್ದು ಕೋಲಿನ ಮೇಲೆ ತಲೆ ಎಣಿಸಲಿ, ಹೊಸ ಗೂಡಿಗೆ ತಡವಾಗಿ ಬರುವ ಒಂದೆರಡು ಹೇಂಟೆ ಇದ್ದೇ ಇರುತ್ತವೆ.